ಮಂದ್ರಕ್ಕೆ ಕಿವಿಗೊಟ್ಟು

ಪ್ರೀತಿಯ ಅಕ್ಕಾ,

ನಿಮ್ಮ ಕಾಗದ ಕೈಸೇರಿತು. ನಿವೃತ್ತಿಯಾದ ಮೇಲೆ ಸಂಗೀತಕ್ಕೆ ಕುಳಿತು, ಸರಳೆ, ಜಂಟಿವರಸೆ, ಅಲಂಕಾರ ಎಲ್ಲ ಮುಗಿಸಿ ಗೀತೆಗಳಿಗೆ ಬಂದಿದ್ದೀರಿ ಎಂದು ಓದಿ ಬಹಳ ಸಂತೋಷವಾಯಿತು. ಆದರೆ ಕೊನೆಯಲ್ಲಿ ನೀವು ಬರೆದ ನಾಲ್ಕು ಸಾಲು ಮನಸ್ಸಿನಲ್ಲಿಯೇ ಉಳಿದುಬಿಟ್ಟವು. ತಂಬೂರಿಯ ಮಂದ್ರ ತಂತಿ ಕೂದಲೆಳೆಯಷ್ಟು ಇಳಿದಿದ್ದರೂ ಗುರುಗಳಿಗೆ ತಕ್ಷಣ ತಿಳಿಯುತ್ತದೆ, ನಿಮಗೆ ತಿಳಿಯುವುದಿಲ್ಲ. ಸಾರಣಿ ತಂತಿಯಲ್ಲಾದರೆ ತಕ್ಕಮಟ್ಟಿಗೆ ಗೊತ್ತಾಗುತ್ತದೆ, ಮಂದ್ರದಲ್ಲಿ ಮಾತ್ರ ಎಲ್ಲವೂ ಒಂದೇ ಥರ ‘ಗುಂಯ್’ ಎನ್ನುತ್ತದೆ. “ಈ ವಯಸ್ಸಿನ ಕಿವಿಗೆ ಇದು ದಕ್ಕುವುದಿಲ್ಲವೇನೋ” ಎಂದು ಬೇಸರದಿಂದ ಬರೆದಿದ್ದೀರಿ.

ಹಾಗೆ ಅಂದುಕೊಳ್ಳಬೇಡಿ. ನೀವು ಹೇಳಿದ್ದು ವಯಸ್ಸಿನ ದೋಷವಲ್ಲ. ತಗ್ಗಿನ ದನಿಗಳ ವಿಷಯದಲ್ಲಿ ಎಲ್ಲ ಮನುಷ್ಯರ ಕಿವಿಯೂ ಹೀಗೆಯೇ. ಅವನ್ನು ಗುರುತಿಸಲು ಕಿವಿ ಮತ್ತು ಮಿದುಳು ಬೇರೆಯದೇ ದಾರಿ ಹಿಡಿದಿವೆ. ಆ ದಾರಿ ನಿಮ್ಮ ಗುರುಗಳಿಗೆ ರೂಢಿಯಾಗಿದೆ, ನಿಮಗೆ ಇನ್ನೂ ಆಗಿಲ್ಲ, ಅಷ್ಟೇ. ಆ ದಾರಿ ಯಾವುದು ಎಂದು ತಿಳಿದರೆ ಅಭ್ಯಾಸ ಹಗುರವಾಗುತ್ತದೆ ಎನ್ನುವ ನಂಬಿಕೆ ನನಗಿದೆ. ಅದಕ್ಕೇ ಈ ಉದ್ದನೆಯ ಕಾಗದ.

ನಿಮ್ಮದು ಐದು ಮನೆ ಶ್ರುತಿ ಎಂದಿದ್ದೀರಿ. ಆ ಆಧಾರ ಷಡ್ಜವೆಂದರೆ ಸೆಕೆಂಡಿಗೆ 196 ಕಂಪನ, ಅಂದರೆ 196 ಹರ್ಟ್ಸ್. ಸಾರಣಿ, ಅನುಸಾರಣಿ ಎರಡೂ ಅಲ್ಲಿಯೇ ನಿಲ್ಲುತ್ತವೆ. ಪಂಚಮದ ತಂತಿ ಅದಕ್ಕಿಂತ ಕೆಳಗೆ, 147ರಲ್ಲಿ. ಮಂದ್ರ ಸರಿಯಾಗಿ ಅರ್ಧಕ್ಕೆ, 98ರಲ್ಲಿ. ಮನುಷ್ಯರ ಕಿವಿಗೆ ಕೇಳುವ ಹರವು ಸುಮಾರು 20ರಿಂದ 20,000 ಹರ್ಟ್ಸ್‌ವರೆಗೆ ಎನ್ನುತ್ತಾರೆ. ಅಷ್ಟು ದೊಡ್ಡ ಹರವಿನಲ್ಲಿ 98 ತೀರ ತಳದ ಹತ್ತಿರ. ಇನ್ನೂ ಕೆಳಗಿಳಿದರೆ ಸ್ವರವೇ ಒಡೆದುಹೋಗುತ್ತದೆ. ಮನೆಯ ಮುಂದೆ ಬುಲೆಟ್ ಬೈಕು ನಿಂತು ಸಣ್ಣಗೆ ಓಡುತ್ತಿರುವುದನ್ನು ಕೇಳಿರುತ್ತೀರಿ. ಎಂಜಿನ್ನು ನಿಮಿಷಕ್ಕೆ 1,000 ಸುತ್ತು ತಿರುಗುತ್ತಿದ್ದರೆ ಅದರ ಒಂದೇ ಸಿಲಿಂಡರು ಸೆಕೆಂಡಿಗೆ ಎಂಟು ಸಲ ಸಿಡಿಯುತ್ತದೆ. ಒಂದೊಂದು ಸಿಡಿತವೂ ಬೇರೆಬೇರೆ ಕೇಳುತ್ತದೆ. ಅದೇ ಬೈಕು ವೇಗ ಹೆಚ್ಚಿಸಿ 3,600 ಸುತ್ತಿಗೆ ಹೋದಾಗ ಸಿಡಿತ ಸೆಕೆಂಡಿಗೆ 30 ಆಗುತ್ತದೆ. ಆಗ ಎಣಿಸಲಾಗದಂತೆ ಕೂಡಿಕೊಂಡು ಒಂದು ನಾದವಾಗತೊಡಗುತ್ತದೆ. ಬಡಿತಗಳೆಲ್ಲ ಬೆಸೆದು ಸ್ವರವಾಗುವ ಗಡಿ ಅಲ್ಲೆಲ್ಲೋ, 20–30ರ ಆಸುಪಾಸಿನಲ್ಲಿ ಇದೆ. ಮಂದ್ರ ತಂತಿ ಆ ಗಡಿಯಿಂದ ಹೆಚ್ಚು ದೂರವಿಲ್ಲ.

ಈಗ ಕಿವಿಯ ಒಳಗೆ ಹೋಗೋಣ. ಹೊರಗಿನ ಸದ್ದು ಕಿವಿತಮಟೆಯನ್ನು ಅಲುಗಿಸಿ, ಮೂರು ಪುಟ್ಟ ಮೂಳೆಗಳ ಮೂಲಕ ಒಳಕಿವಿಯ ಕಾಕ್ಲಿಯಾಕ್ಕೆ ಬರುತ್ತದೆ. ಅದು ದ್ರವ ತುಂಬಿದ, ಎರಡೂವರೆ ಸುತ್ತಿಗೂ ಸ್ವಲ್ಪ ಹೆಚ್ಚು ಸುರುಳಿಕೊಂಡಿರುವ ನಾಳ. ಅದರೊಳಗೆ ಉದ್ದಕ್ಕೂ ಒಂದು ಪೊರೆಯಿದೆ, ಬೇಸಿಲಾರ್ ಪೊರೆ. ಬಿಡಿಸಿಟ್ಟರೆ ಉದ್ದ ಸುಮಾರು 35 ಮಿಲಿಮೀಟರ್, ನಿಮ್ಮ ಕಿರುಬೆರಳಿನ ಅರ್ಧದಷ್ಟು. ಆರಂಭದಲ್ಲಿ ಅದು ಕಿರಿದು, ಬಿಗಿ. ಸುರುಳಿಯ ತುದಿಗೆ ಹೋದಂತೆ ಅಗಲ, ಸಡಿಲ. ಅದರ ಮೇಲೆ ಸಾಲಾಗಿ ರೋಮಕೋಶಗಳು ನಿಂತಿವೆ. ಕೇಳಿದ್ದನ್ನು ಮಿದುಳಿಗೆ ಕಳಿಸುವ ಮುಖ್ಯ ಕೆಲಸ ಒಳಸಾಲಿನದು. ಆ ಸಾಲಿನಲ್ಲಿ ಒಂದು ಕಿವಿಗೆ ಸುಮಾರು 3,500 ಕೋಶಗಳು. ಅಲ್ಲಿಂದ ಮಿದುಳಿಗೆ ಸುಮಾರು 30,000 ನರತಂತುಗಳು ಹೊರಡುತ್ತವೆ.

ಈ ಪೊರೆ ಹೇಗೆ ಅಲುಗುತ್ತದೆ ಎಂದು ಕಣ್ಣಾರೆ ಕಂಡವರು ಗಿಯೋರ್ಗ್ ಫಾನ್ ಬೆಕೆಸಿ. ಬುಡಾಪೆಸ್ಟ್‌ನಲ್ಲಿ ಹಂಗೇರಿ ಅಂಚೆ ಇಲಾಖೆಯ ಟೆಲಿಫೋನ್ ಪ್ರಯೋಗಾಲಯದಲ್ಲಿ ಅವರು ಕೆಲಸಕ್ಕಿದ್ದರು. ಟೆಲಿಫೋನನ್ನು ಸುಧಾರಿಸಬೇಕಾದರೆ ಮೊದಲು ಕಿವಿಯನ್ನು ತಿಳಿಯಬೇಕು ಎಂದು ಹೊರಟವರು. ಮೃತದೇಹಗಳ ಕಿವಿಯನ್ನು ಸೂಕ್ಷ್ಮವಾಗಿ ಬಿಡಿಸಿ, ಒಳಗೆ ಬೆಳ್ಳಿಯ ಪುಡಿ ಉದುರಿಸಿ, ಮಿನುಗುವ ಬೆಳಕಿನಲ್ಲಿ ಸೂಕ್ಷ್ಮದರ್ಶಕದಿಂದ ನೋಡಿದರು. ಸದ್ದು ಕೊಟ್ಟಾಗ ಪೊರೆಯ ಬುಡದಲ್ಲಿ ಅಲೆಯೊಂದು ಹುಟ್ಟಿ ತುದಿಯ ಕಡೆಗೆ ಸಾಗುತ್ತಿತ್ತು. ಏರುದನಿಯ ಅಲೆ ಬುಡದಲ್ಲಿಯೇ ಎದ್ದು ಅಡಗುತ್ತಿತ್ತು. ತಗ್ಗುದನಿಯ ಅಲೆ ಉದ್ದಕ್ಕೂ ಹೋಗಿ ತುದಿಯ ಬಳಿ ಎತ್ತರ ಮುಟ್ಟುತ್ತಿತ್ತು. ಪ್ರತಿ ಸ್ವರಕ್ಕೂ ಪೊರೆಯ ಮೇಲೆ ಒಂದೊಂದು ಜಾಗ. ಈ ಕೆಲಸಕ್ಕೆ ಅವರಿಗೆ 1961ರಲ್ಲಿ ನೊಬೆಲ್ ಬಂತು.

ಜಾಗ ನೋಡಿ ಸ್ವರ ಗುರುತಿಸುವ ಈ ಪದ್ಧತಿ ತಾರಸ್ಥಾಯಿಗೂ ಅದಕ್ಕಿಂತ ಮೇಲಿನ ಸದ್ದಿಗೂ ಚೆನ್ನಾಗಿ ಒಗ್ಗುತ್ತದೆ. ತಗ್ಗಿನಲ್ಲಿ ಮಾತ್ರ ಅದು ಮಂಕಾಗುತ್ತದೆ. ತುದಿಯ ಬಳಿ ಪೊರೆ ಸಡಿಲವಾದ್ದರಿಂದ ಅಲೆಯ ಶಿಖರ ಚೂಪಾಗಿರುವುದಿಲ್ಲ, ಅಗಲಕ್ಕೆ ಹರಡಿಕೊಳ್ಳುತ್ತದೆ. 98ಕ್ಕೆ ಅಲುಗುವ ಜಾಗಕ್ಕೂ 97ಕ್ಕೆ ಅಲುಗುವ ಜಾಗಕ್ಕೂ ವ್ಯತ್ಯಾಸ ಇಲ್ಲವೆನ್ನುವಷ್ಟು ಕಡಿಮೆ. ನಿಮಗೆ ಎಲ್ಲವೂ ಒಂದೇ ‘ಗುಂಯ್’ ಎನಿಸುವುದಕ್ಕೆ ಮೊದಲ ಕಾರಣ ಇದು.

ಹಾಗಾದರೆ ತಗ್ಗಿನ ಸ್ವರಗಳನ್ನು ನಾವು ಬೇರ್ಪಡಿಸುವುದು ಹೇಗೆ? ಕಾಲದಿಂದ. 1930ರಲ್ಲಿ ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ವೀವರ್ ಮತ್ತು ಬ್ರೇ ಎಂಬ ಇಬ್ಬರು ಬೆಕ್ಕಿನ ಶ್ರವಣ ನರದಿಂದ ವಿದ್ಯುತ್ ಸಂಕೇತ ತೆಗೆದು ಇನ್ನೊಂದು ಕೋಣೆಯ ಟೆಲಿಫೋನಿಗೆ ಕೊಟ್ಟರು. ಬೆಕ್ಕಿನ ಕಿವಿಯ ಬಳಿ ಆಡಿದ ಮಾತು ಆ ಕೋಣೆಯಲ್ಲಿ ಅರ್ಥವಾಗುವಂತೆ ಕೇಳಿಸಿತು! ಅದರಲ್ಲಿ ಬಹುಪಾಲು ರೋಮಕೋಶಗಳದೇ ವಿದ್ಯುತ್ತು ಎಂದು ಆಮೇಲೆ ತಿಳಿಯಿತು. ಆದರೂ ಅವರು ಮುಂದಿಟ್ಟ ಒಂದು ವಿಚಾರ ಗಟ್ಟಿಯಾಗಿ ನಿಂತಿತು: ಸದ್ದಿನ ಒಂದೊಂದು ಅಲೆಗೂ ನರಗಳು ಹೊತ್ತು ತಪ್ಪದೆ ಮಿಡಿಯುತ್ತವೆ. 1967ರಲ್ಲಿ ವಿಸ್ಕಾನ್ಸಿನ್‌ನಲ್ಲಿ ರೋಸ್ ಮತ್ತು ಸಂಗಡಿಗರು ಕೋತಿಗಳ ಒಂದೊಂದೇ ನರತಂತುವನ್ನು ಪರೀಕ್ಷಿಸಿ ಇದನ್ನು ಸ್ಪಷ್ಟವಾಗಿ ತೋರಿಸಿದರು.

ನರತಂತುವೊಂದು ಸೆಕೆಂಡಿಗೆ ಕೆಲವು ನೂರು ಸಲಕ್ಕಿಂತ ಹೆಚ್ಚು ಮಿಡಿಯಲಾರದು. ಸ್ವರ ಅದಕ್ಕಿಂತ ಮೇಲಿದ್ದರೆ? ನಮ್ಮ ಊರುಗಳ ಅಖಂಡ ಭಜನೆಯನ್ನು ನೆನೆಸಿಕೊಳ್ಳಿ. ಅಹೋರಾತ್ರಿ ಒಬ್ಬರೇ ಹಾಡಲಾರರು. ಒಬ್ಬರು ಎದ್ದಾಗ ಇನ್ನೊಬ್ಬರು ಕೂರುತ್ತಾರೆ, ನಡುವೆ ಒಂದೆರಡು ಆವರ್ತ ಸುಮ್ಮನಿರುತ್ತಾರೆ. ಆದರೆ ಯಾರು ದನಿ ಸೇರಿಸಿದರೂ ತಾಳದ ಸರಿಯಾದ ಪೆಟ್ಟಿಗೇ ಸೇರಿಸುತ್ತಾರೆ, ಭಜನೆ ಕಡಿಯುವುದಿಲ್ಲ. ನರಗಳದೂ ಇದೇ ರೀತಿ. ಒಂದು ತಂತು ಕೆಲವು ಅಲೆಗಳನ್ನು ಬಿಡಬಹುದು. ಮಿಡಿದಾಗ ಮಾತ್ರ ಅಲೆಯ ಅದೇ ಘಟ್ಟದಲ್ಲಿ ಮಿಡಿಯುತ್ತದೆ. ಸಾವಿರಾರು ತಂತುಗಳ ಮಿಡಿತ ಸೇರಿದಾಗ ಮಿದುಳಿಗೆ ಸ್ವರದ ಲಯ ಪೂರ್ತಿಯಾಗಿ ಸಿಗುತ್ತದೆ. ಪ್ರಾಣಿಗಳಲ್ಲಿ ಅಳೆದಾಗ ಈ ಹೊಂದಾಣಿಕೆ 4,000–5,000 ಹರ್ಟ್ಸ್‌ವರೆಗೆ ಕಂಡಿದೆ. ಅಲ್ಲಿಂದ ಮೇಲೆ ಜಾಗದ ಲೆಕ್ಕವೇ ಗತಿ. ನಡುವಣ ದನಿಗಳಲ್ಲಿ ಜಾಗ, ಕಾಲ ಎರಡೂ ಒದಗುತ್ತವೆ. ತಗ್ಗಿಗೆ ಇಳಿದಷ್ಟೂ ಕಾಲದ ಪಾಲೇ ದೊಡ್ಡದು.

ಕಾಲದಿಂದ ಅಳೆಯಬೇಕು ಎಂದರೆ ಕಾಲ ಕೊಡಲೇಬೇಕು. ಒಂದು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ 784 ಹರ್ಟ್ಸ್‌ನ ಸ್ವರ 78 ಸಲ ಕಂಪಿಸಿರುತ್ತದೆ. ಮಂದ್ರ ಹತ್ತು ಸಲವೂ ಆಗಿರುವುದಿಲ್ಲ. ಹೋಲಿಸಿ ನೋಡಲು ಮಿದುಳಿಗೆ ಸಿಕ್ಕಿದ್ದು ಅಷ್ಟೇ. ಅದಕ್ಕೇ ತಗ್ಗಿನ ತಂತಿಯನ್ನು ಮೀಟಿದ ತಕ್ಷಣ ತೀರ್ಮಾನಿಸಬಾರದು. ಸ್ವಲ್ಪ ಹೊತ್ತು ನಿಲ್ಲಬೇಕು.

ಇನ್ನು ಎರಡನೆಯ ಮಾತು, ಇದು ನನಗೆ ತುಂಬ ಪ್ರಿಯವಾದದ್ದು. ಲ್ಯಾಂಡ್‌ಲೈನ್ ಫೋನಿನ ಕಾಲ ನಿಮಗೆ ಚೆನ್ನಾಗಿ ನೆನಪಿರುತ್ತದೆ. ಆ ತಂತಿಯ ಮೇಲೆ ಹೋಗುತ್ತಿದ್ದದ್ದು ಸುಮಾರು 300ರಿಂದ 3,400 ಹರ್ಟ್ಸ್‌ವರೆಗಿನ ಸದ್ದು ಮಾತ್ರ. ಗಂಡಸರ ಮಾತಿನ ಮೂಲ ಕಂಪನ 120ರ ಆಸುಪಾಸು. ಅದು ಫೋನಿನಲ್ಲಿ ಬರುತ್ತಲೇ ಇರಲಿಲ್ಲ. ಆದರೂ ಊರಿನಿಂದ ನಿಮ್ಮ ತಂದೆ ಮಾತನಾಡಿದಾಗ ಅವರ ಆ ತುಂಬು ದನಿ ನಿಮಗೆ ಕೇಳಿಸಿತಲ್ಲವೇ? ಅದು ಎಲ್ಲಿಂದ ಬಂತು?

120ರಲ್ಲಿ ಹೊರಡುವ ದನಿಯ ಜೊತೆಗೆ ಅದರ ಉಪಸ್ವರಗಳೂ ಹೊರಡುತ್ತವೆ: 240, 360, 480, 600, ಹೀಗೆ. ಫೋನು ಕೆಳಗಿನ ಎರಡನ್ನು ನುಂಗಿದರೂ ಉಳಿದವು ಬರುತ್ತವೆ. ಆ ಉಳಿದವೆಲ್ಲ ಕೂಡಿದಾಗ ಅವುಗಳ ಒಟ್ಟು ವಿನ್ಯಾಸ ಸೆಕೆಂಡಿಗೆ 120 ಸಲ ಮರುಕಳಿಸುತ್ತದೆ. ಮಿದುಳು ಆ ಮರುಕಳಿಕೆಯನ್ನು ಹಿಡಿದು, ಇಲ್ಲದ 120ನ್ನು ನಮಗೆ ಕೇಳಿಸಿಬಿಡುತ್ತದೆ. ಜರ್ಮನಿಯ ಆಗಸ್ಟ್ ಸೀಬೆಕ್ 1841ರಲ್ಲಿಯೇ ತೂತು ಕೊರೆದ ತಿರುಗುವ ತಟ್ಟೆಯ ಸೈರನ್ನಿನಿಂದ ಇಂಥ ಸಂಗತಿಯನ್ನು ಗಮನಿಸಿದ್ದರು. ಓಮನ ನಿಯಮದ ಅದೇ ಗಿಯೋರ್ಗ್ ಓಮ್ ಸೀಬೆಕ್‌ರ ಮಾತನ್ನು ಒಪ್ಪಲಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ, 1940ರ ಸುಮಾರಿಗೆ, ಹಾಲೆಂಡಿನ ಸ್ಕೌಟೆನ್ ಇದನ್ನು ಮತ್ತೆ ಕೈಗೆತ್ತಿಕೊಂಡು ಸೀಬೆಕ್‌ರ ಕಡೆ ನಿಂತರು. ಇಂದು ಮೊಬೈಲಿನ ಗುಂಡಿಯಷ್ಟು ಸ್ಪೀಕರಿನಲ್ಲಿ ನೀವು ತಂಬೂರಿ ಆ್ಯಪ್ ಹಾಕಿದಾಗ ಕೇಳುವ ಮಂದ್ರವೂ ಹೀಗೆಯೇ ಹುಟ್ಟಿದ್ದು. ಆ ಸ್ಪೀಕರಿಗೆ 98 ಹರ್ಟ್ಸ್ ಹೊರಡಿಸುವ ಶಕ್ತಿಯಿಲ್ಲ.

ಹೀಗೆ ಉಪಸ್ವರಗಳಿಂದ ತಳವನ್ನು ಕಾಣುವ ನಮ್ಮ ಈ ಗುಣಕ್ಕೆ ತಂಬೂರಿಗಿಂತ ಒಳ್ಳೆಯ ಸಂಗಾತಿ ಬೇರೊಂದಿಲ್ಲ. ಸಿ. ವಿ. ರಾಮನ್ ಕಲ್ಕತ್ತೆಯಲ್ಲಿದ್ದಾಗ, 1921ರಲ್ಲಿ, ವೀಣೆ ಮತ್ತು ತಂಬೂರಿಗಳ ಬಗ್ಗೆ ಒಂದು ಪ್ರಬಂಧ ಬರೆದರು. ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟುತ್ತೇವೋ ಆ ಬಿಂದುವಿನಲ್ಲಿ ನಿಶ್ಚಲವಾಗಿರಬೇಕಾದ ಉಪಸ್ವರಗಳು ಹುಟ್ಟಬಾರದು ಎನ್ನುವುದು ಯುರೋಪಿನ ಹಳೆಯ ನಿಯಮ. ನಮ್ಮ ತಂಬೂರಿ ಆ ನಿಯಮಕ್ಕೆ ಬಗ್ಗುವುದಿಲ್ಲ ಎಂದು ರಾಮನ್ ತೋರಿಸಿದರು. ಕಾರಣ ಅದರ ಅಗಲವಾದ, ಬೆನ್ನು ಬಾಗಿದ ಕುದುರೆ ಮತ್ತು ತಂತಿಯಡಿ ಸೇರಿಸುವ ಜೀವದ ದಾರ. ದಾರವನ್ನು ಸರಿಯಾದ ಜಾಗಕ್ಕೆ ಸರಿಸಿದಾಗ ತಂತಿ ಕುದುರೆಯನ್ನು ಮತ್ತೆಮತ್ತೆ ಸವರುತ್ತ ಮೇಲಿನ ಉಪಸ್ವರಗಳ ಸಾಲನ್ನೇ ಎಬ್ಬಿಸುತ್ತದೆ. ಮಂದ್ರ ತಂತಿಯಿಂದ ನಿಮ್ಮ ಕಿವಿಗೆ ಬರುವ ಶಕ್ತಿಯಲ್ಲಿ 98ರ ಮೂಲ ಕಂಪನದ್ದು ಸಣ್ಣ ಪಾಲು, ಹೆಚ್ಚಿನದು ಮೇಲಿನವುಗಳದು. ಆ ತಂತಿಯಿಂದ ತಾನಾಗಿ ಕೇಳಿಬರುವ ಅಂತರ ಗಾಂಧಾರವನ್ನು ಗುರುಗಳು ತೋರಿಸಿರಬಹುದು. ಮೂಲ ಕಂಪನವನ್ನೇ ಮೊದಲನೆಯದೆಂದು ಎಣಿಸಿದರೆ ಅದು ಮಂದ್ರದ ಐದನೆಯ ಉಪಸ್ವರ, 490 ಹರ್ಟ್ಸ್.

ಈಗ ಗುರುಗಳ ಗುಟ್ಟಿಗೆ ಬರೋಣ. ಮಂದ್ರ ತಂತಿ ಅರ್ಧ ಹರ್ಟ್ಸ್ ಇಳಿದು 97.5ಕ್ಕೆ ಬಂದಿದೆ ಎಂದಿಟ್ಟುಕೊಳ್ಳಿ. ತಳದಲ್ಲಿ 98ರ ಹತ್ತಿರ ಬೇರೆ ತಂತಿ ಇಲ್ಲ, ಹೋಲಿಸಲು ಏನೂ ಇಲ್ಲ. ಅಷ್ಟು ಕೆಳಗಿನ ಬರಿಯ ನಾದದಲ್ಲಿ ಒಂದು ಹರ್ಟ್ಸ್ ವ್ಯತ್ಯಾಸ ಹಿಡಿಯುವುದೇ ಪಳಗಿದ ಕಿವಿಗೂ ಕಷ್ಟ. ಅರ್ಧವನ್ನು ಹಿಡಿಯುವ ಮಾತಂತೂ ದೂರ. ಆದರೆ ಮಂದ್ರದ ಎರಡನೆಯ ಉಪಸ್ವರ ಈಗ 195. ಪಕ್ಕದ ಸಾರಣಿ 196. ಎರಡೂ ಸೇರಿದಾಗ ಸದ್ದು ಸೆಕೆಂಡಿಗೆ ಒಂದು ಸಲ ಉಬ್ಬಿ ಇಳಿಯುತ್ತದೆ. ಮಂದ್ರದ ನಾಲ್ಕನೆಯದು 390, ಸಾರಣಿಯ ಎರಡನೆಯದು 392. ಅಲ್ಲಿ ಸೆಕೆಂಡಿಗೆ ಎರಡು ಅಲೆ. ಮಂದ್ರದ ಎಂಟನೆಯದು 780, ಸಾರಣಿಯ ನಾಲ್ಕನೆಯದು 784. ಅಲ್ಲಿ ನಾಲ್ಕು ಅಲೆ. ತಳದಲ್ಲಿ ಕಾಣದ ಅರ್ಧ ಹರ್ಟ್ಸ್ ಮೇಲೆ ಹೋದಂತೆ ಎಂಟು ಪಟ್ಟು ದೊಡ್ಡದಾಗಿ ಕಂಡಿತು. ಶ್ರುತಿ ಮಾಡುವವರು ಮಂದ್ರದ ಬಿರಡೆ ಹಿಡಿದಾಗ ಕಿವಿ ಕೊಡುವುದು ಈ ಮೇಲಿನ ಅಲುಗಾಟಕ್ಕೆ. ಅಲೆ ನಿಧಾನವಾಗುತ್ತ, ನಿಧಾನವಾಗುತ್ತ, ನಿಂತಾಗ ಕೈ ನಿಲ್ಲಿಸುತ್ತಾರೆ. ಎಷ್ಟೋ ಜನ ವಿದ್ವಾಂಸರಿಗೆ ಇದು ಎಷ್ಟು ಸಹಜವಾಗಿಬಿಟ್ಟಿದೆ ಎಂದರೆ, ತಾವು ಹೀಗೆ ಮಾಡುತ್ತಿದ್ದೇವೆ ಎನ್ನುವ ಅರಿವೂ ಇರುವುದಿಲ್ಲ.

ಉಪಸ್ವರಗಳಿಂದ ತಳವನ್ನು ಕಾಣುವ ಈ ನಿಯಮ ಮೃದಂಗದಲ್ಲಿಯೂ ಕೆಲಸ ಮಾಡುತ್ತದೆ. ಬರಿಯ ಚರ್ಮ ಬಿಗಿದ ವಾದ್ಯದಲ್ಲಿ ಮೇಲಿನ ಸ್ವರಗಳು ಮೂಲದ ಎರಡು ಪಟ್ಟು, ಮೂರು ಪಟ್ಟು ಎಂದು ಅಚ್ಚುಕಟ್ಟಾಗಿ ಬರುವುದಿಲ್ಲ, ಚದರಿಹೋಗಿರುತ್ತವೆ. ಮಿದುಳಿಗೆ ಒಂದು ಸಮಾನ ಮರುಕಳಿಕೆ ಸಿಗದೆ ಬರಿಯ ಧಡ್ ಎಂಬ ಸದ್ದಾಗುತ್ತದೆ. ಮೃದಂಗದ ಬಲಕ್ಕೆ ಕಪ್ಪು ಕರಣೆಯ ಲೇಪ ಹಚ್ಚಿದಾಗ ಆ ಮೇಲಿನ ಸ್ವರಗಳು ಸರಿಯಾದ ಪಟ್ಟುಗಳಿಗೆ ಬಂದು ಕೂರುತ್ತವೆ, ಸ್ಪಷ್ಟ ಷಡ್ಜ ಹುಟ್ಟುತ್ತದೆ. ಇದನ್ನೂ ರಾಮನ್ನರೇ ಬಿಡಿಸಿ ಹೇಳಿದ್ದು. ಮೊದಲು 1920ರಲ್ಲಿ ಶಿವಕಾಳಿ ಕುಮಾರ್ ಜೊತೆಗೂಡಿ ‘ನೇಚರ್’ ಪತ್ರಿಕೆಯಲ್ಲಿ, ಆಮೇಲೆ ಬೆಂಗಳೂರಿಗೆ ಬಂದು ನೆಲೆಸಿದ ಮೇಲೆ 1934ರಲ್ಲಿ ಇನ್ನಷ್ಟು ವಿವರವಾಗಿ. ಕಚೇರಿಗೆ ಮುಂಚೆ ಎಡಕ್ಕೆ ರವೆಯ ಕಣಕ ಮೆತ್ತುವುದನ್ನು ನೋಡಿರುತ್ತೀರಿ. ಆ ಭಾರದಿಂದ ಚರ್ಮದ ಕಂಪನ ನಿಧಾನವಾಗಿ ದನಿ ತಗ್ಗುತ್ತದೆ.

ನಿಮ್ಮ ಕಾಗದದಲ್ಲಿ ಇನ್ನೊಂದು ಮಾತಿತ್ತು: ತಂಬೂರಿ ಆ್ಯಪ್‌ನ ಸದ್ದು ಕಡಿಮೆ ಮಾಡಿದರೆ ಮೊದಲು ಮಾಯವಾಗುವುದು ಮಂದ್ರವೇ ಎಂದು. ಬಹಳ ಸರಿಯಾಗಿ ಗಮನಿಸಿದ್ದೀರಿ. ಹೆಡ್‌ಫೋನು ಹಾಕಿದರೂ ಹಾಗೆಯೇ ಆಗುತ್ತದೆ. 1933ರಲ್ಲಿ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ ಇದನ್ನೇ ಅಳೆದು ನಕ್ಷೆ ಬರೆದರು. 1,000 ಹರ್ಟ್ಸ್‌ನ ಸದ್ದು 2–3 ಡೆಸಿಬಲ್ ಇದ್ದರೂ ಆರೋಗ್ಯವಂತ ಎಳೆಯ ಕಿವಿಗೆ ಕೇಳುತ್ತದೆ. 100 ಹರ್ಟ್ಸ್‌ನದು ಕೇಳಬೇಕಾದರೆ ಸುಮಾರು 26 ಡೆಸಿಬಲ್ ಬೇಕು, ಅಂದರೆ ಶಕ್ತಿಯಲ್ಲಿ ಹೆಚ್ಚುಕಡಿಮೆ 250 ಪಟ್ಟು. 20 ಹರ್ಟ್ಸ್‌ಗೆ ಇಳಿದರೆ 78 ಡೆಸಿಬಲ್, ಸುಮಾರು ನಾಲ್ಕು ಕೋಟಿ ಪಟ್ಟು! ಒಟ್ಟು ಸದ್ದು ಇಳಿಸಿದಾಗ ತಗ್ಗಿನ ಸ್ವರಗಳೇ ಮೊದಲು ಈ ಹೊಸ್ತಿಲಿನ ಕೆಳಗೆ ಜಾರುತ್ತವೆ.

ತಗ್ಗಿಗೆ ಕಿವಿ ಇಷ್ಟು ಮಂದವಾಗಿರುವುದು ನಮ್ಮ ಪುಣ್ಯ ಎಂದೇ ನಾನು ತಿಳಿದಿದ್ದೇನೆ. ಏಕೆಂದು ಈಗಲೇ ನೋಡಬಹುದು. ಎರಡೂ ಹೆಬ್ಬೆರಳುಗಳನ್ನು ಕಿವಿಯೊಳಗೆ ಮೆತ್ತಗೆ ಒತ್ತಿ, ಉಳಿದ ಬೆರಳುಗಳನ್ನು ಬಿಗಿಯಾಗಿ ಮುಷ್ಟಿ ಹಿಡಿಯಿರಿ. ದೂರದಲ್ಲೆಲ್ಲೋ ಗುಡುಗುಡು ಎನ್ನುವ ಸದ್ದು ಕೇಳುತ್ತದೆ. ಮುಷ್ಟಿ ಸಡಿಲಿಸಿ, ಇಳಿಯುತ್ತದೆ. ಮತ್ತೆ ಬಿಗಿಮಾಡಿ, ಏರುತ್ತದೆ. ಅದು ನಿಮ್ಮ ತೋಳಿನ ಸ್ನಾಯುಗಳು ಕೆಲಸ ಮಾಡುವ ಸದ್ದು, ಸೆಕೆಂಡಿಗೆ ಸುಮಾರು 25 ಕಂಪನ. ಇಂಗ್ಲೆಂಡಿನ ವಿಜ್ಞಾನಿ ವುಲಸ್ಟನ್ 1810ರಲ್ಲಿ ಪ್ರಕಟಿಸಿದ ಬರಹದಲ್ಲಿ ಇದನ್ನು ವರ್ಣಿಸಿ, ಕಲ್ಲು ಹಾಸಿದ ಬೀದಿಯಲ್ಲಿ ದೂರದಿಂದ ಸಾರೋಟು ಓಡುವ ಸದ್ದಿಗೆ ಹೋಲಿಸಿದರು. ನಡೆದಾಗ, ಅಗಿದಾಗ, ತಲೆ ತಿರುಗಿಸಿದಾಗ ನಮ್ಮ ಮೈ ಇಂಥ ತಗ್ಗಿನ ಸದ್ದನ್ನು ಮಾಡುತ್ತಲೇ ಇರುತ್ತದೆ. ಕಿವಿ ಅಲ್ಲಿಯೂ ಚುರುಕಾಗಿದ್ದಿದ್ದರೆ ಹೊರಗಿನ ಮಾತು ಕೇಳಲು ನಮಗೆ ಬಿಡುವೇ ಇರುತ್ತಿರಲಿಲ್ಲ. ಈ ಮಂದತನಕ್ಕೆ ಕಿವಿಯೊಳಗೇ ಒಂದು ಏರ್ಪಾಡಿದೆ: ಕಾಕ್ಲಿಯಾದ ತುದಿಯಲ್ಲಿ, ಪೊರೆಯ ಎರಡು ಬದಿಯ ನಾಳಗಳನ್ನು ಕೂಡಿಸುವ ಸಣ್ಣ ರಂಧ್ರ. ತೀರ ನಿಧಾನದ ಒತ್ತಡ ಪೊರೆಯನ್ನು ಅಲುಗಿಸದೆ ಅದರ ಮೂಲಕ ಹರಿದುಹೋಗುತ್ತದೆ.

ಸದ್ದು ಯಾವ ಕಡೆಯಿಂದ ಬಂತು ಎಂದು ತಿಳಿಯುವಾಗಲೂ ಕಿವಿ ಕಾಲವನ್ನೇ ನಂಬುತ್ತದೆ. 10,000 ಹರ್ಟ್ಸ್‌ನ ಅಲೆಯ ಉದ್ದ ಮೂರೂವರೆ ಸೆಂಟಿಮೀಟರ್‌ನಷ್ಟು. ನಮ್ಮ ತಲೆ ಅದಕ್ಕೆ ಅಡ್ಡವಾಗುತ್ತದೆ, ಆಚೆ ಕಿವಿಗೆ ಸದ್ದು ಸಣ್ಣದಾಗಿ ತಲುಪುತ್ತದೆ. 100 ಹರ್ಟ್ಸ್‌ನ ಅಲೆಯ ಉದ್ದವಾದರೋ ಮೂರೂವರೆ ಮೀಟರ್‌ಗೆ ಸಮೀಪ. ಅದು ತಲೆಯನ್ನು ಲೆಕ್ಕಿಸದೆ ಬಳಸಿಕೊಂಡು ಹೋಗುತ್ತದೆ, ಎರಡೂ ಕಿವಿಗೆ ಒಂದೇ ಜೋರು. ಆದರೆ ಒಂದು ಕಿವಿಗೆ ತುಸು ಮೊದಲು, ಇನ್ನೊಂದಕ್ಕೆ ತುಸು ತಡ. ಸದ್ದು ಪೂರ್ತಿ ಪಕ್ಕದಿಂದ ಬಂದರೂ ಈ ಅಂತರ ಸೆಕೆಂಡಿನ ಸಾವಿರದ ಒಂದು ಭಾಗವನ್ನೂ ಮುಟ್ಟುವುದಿಲ್ಲ. ತಗ್ಗಿನ ಸದ್ದಿನ ದಿಕ್ಕನ್ನು ನಾವು ಹಿಡಿಯುವುದು ಆ ಅಂತರದಿಂದ ಎಂದು 1907ರಲ್ಲಿ ಲಾರ್ಡ್ ರ‍್ಯಾಲೆ ವಿವರಿಸಿದರು. ಅನುಕೂಲವಾದ ಸನ್ನಿವೇಶದಲ್ಲಿ ಮನುಷ್ಯರು ಸೆಕೆಂಡಿನ ಲಕ್ಷದ ಒಂದು ಭಾಗದ ವ್ಯತ್ಯಾಸವನ್ನೂ ಗುರುತಿಸಬಲ್ಲರು. ಅಷ್ಟು ಸೂಕ್ಷ್ಮವಾದ ಕಾಲಜ್ಞಾನ ನಿಮ್ಮ ತಲೆಯೊಳಗೂ ಇದೆ ಅಕ್ಕಾ.

ಗಣೇಶನ ಮೆರವಣಿಗೆಯ ಡಿಜೆ ಬಗ್ಗೆಯೂ ಕೇಳಿದ್ದೀರಿ. ಕಿಟಕಿ ಮುಚ್ಚಿದರೆ ಹಾಡು ಕೇಳುವುದಿಲ್ಲ, ಧಡಧಡ ಮಾತ್ರ ಎದೆಗೇ ಬರುತ್ತದೆ, ಏಕೆ ಎಂದು. ಗೋಡೆಗಳು ಏರುದನಿಯನ್ನು ಚೆನ್ನಾಗಿ ತಡೆಯುತ್ತವೆ. ನಿಧಾನದ ಅಲೆಗೆ ಗೋಡೆ, ಕಿಟಕಿ ತಾವೇ ಅಲುಗಿ ದಾರಿ ಬಿಡುತ್ತವೆ. ನಮ್ಮಲ್ಲಿ 2000ದ ಶಬ್ದಮಾಲಿನ್ಯ ನಿಯಮದಂತೆ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿಯಿದೆ. ಆದರೆ ಆ ಅಳತೆ ‘ಎ’ ಮಾಪನದ್ದು. ಮೆಲುದನಿಗೆ ಕಿವಿ ಹೇಗಿರುತ್ತದೋ ಆ ನಕ್ಷೆಯನ್ನು ಅನುಸರಿಸಿ ಮಾಡಿದ್ದು. 50 ಹರ್ಟ್ಸ್‌ನ ಸದ್ದಿನಿಂದ ಅದು 30 ಡೆಸಿಬಲ್ ಕಳೆದು ಲೆಕ್ಕ ಕೊಡುತ್ತದೆ. ಸದ್ದು ಜೋರಾದಂತೆ ಕಿವಿಯ ಮಂದತನ ಕಡಿಮೆಯಾಗುತ್ತದೆ, ಮೀಟರಿನ ಕಳೆಯುವಿಕೆ ಮಾತ್ರ ಹಾಗೆಯೇ ಇರುತ್ತದೆ. ಆದ್ದರಿಂದ ಮನೆಯೊಳಗೆ ಹಿರಿಯರು, ಹಸುಗೂಸುಗಳು ಪಡುವ ಸಂಕಟ ಆ ಅಂಕಿಯಲ್ಲಿ ಪೂರ್ತಿ ಕಾಣುವುದಿಲ್ಲ. ಸಂಕಟ ಹೇಳಿಕೊಂಡವರನ್ನು ಅತಿ ಸೂಕ್ಷ್ಮದವರು ಎಂದು ತಳ್ಳಿಹಾಕುವುದು ತಪ್ಪು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನು ನಿಮ್ಮ ಅಭ್ಯಾಸಕ್ಕೆ ಕೆಲವು ಮಾತು. ಮೊದಲು ಸಾರಣಿ, ಅನುಸಾರಣಿಗಳನ್ನು ಒಂದಕ್ಕೊಂದು ಸೇರಿಸಿಕೊಳ್ಳಿ. ಅಲ್ಲಿ ಅಲೆ ಕೇಳುವುದು ಸುಲಭ. ಆಮೇಲೆ ಮಂದ್ರವನ್ನು ಮೆತ್ತಗೆ ಮೀಟಿ. ಜೋರಾಗಿ ಎಳೆದರೆ ತಂತಿಯ ಬಿಗಿ ಹೆಚ್ಚಿ, ಮೊದಲ ಕ್ಷಣ ದನಿ ಏರಿ ಮೋಸ ಮಾಡುತ್ತದೆ. ಮೀಟಿದ ಮೇಲೆ ತಳದ ‘ಗುಂಯ್’ ಬಿಟ್ಟು ಮೇಲಕ್ಕೆ ಕಿವಿ ಕೊಡಿ. ಗಾಂಧಾರ ಕೇಳಿಬರುವವರೆಗೆ ಕಾಯಿರಿ. ಆ ಗಾಂಧಾರ ಸಿಕ್ಕ ದಿನ ಅರ್ಧ ಕೆಲಸ ಮುಗಿದಂತೆ. ಈಗ ಸಾರಣಿಯನ್ನೂ ಮಂದ್ರವನ್ನೂ ಒಟ್ಟಿಗೆ ಮೀಟಿ, ಮೇಲಿನ ದನಿ ಉಬ್ಬಿ ಇಳಿಯುತ್ತದೆಯೇ ನೋಡಿ. ಬೇಕೆಂದೇ ಮಂದ್ರವನ್ನು ಸ್ವಲ್ಪ ಇಳಿಸಿ, ಅಲೆ ಬೇಗಬೇಗ ಬರುವುದನ್ನು ಕೇಳಿ. ಮತ್ತೆ ಏರಿಸುತ್ತ ಬನ್ನಿ. ಆ್ಯಪ್‌ನಲ್ಲಿ ಅಭ್ಯಾಸ ಮಾಡುವಾಗ ಮೊಬೈಲಿನ ಸ್ಪೀಕರು ಬೇಡ, ಹೆಡ್‌ಫೋನು ಹಾಕಿಕೊಳ್ಳಿ, ಹದವಾದ ಸದ್ದಿನಲ್ಲಿ.

ವಯಸ್ಸಿನ ಮಾತಿಗೂ ಉತ್ತರ ಹೇಳಿಬಿಡುತ್ತೇನೆ. ವಯಸ್ಸಾದಂತೆ ಸಾಮಾನ್ಯವಾಗಿ ಮೊದಲು ಸೋಲುವುದು ಕಾಕ್ಲಿಯಾದ ಬುಡ, ಅಂದರೆ ತೀರ ಏರುದನಿಗಳು. ತಗ್ಗಿನ ದನಿಗಳ ತುದಿ ಬಹುಕಾಲ ಉಳಿಯುತ್ತದೆ. ಆದರೆ ಮಂದ್ರದ ಶ್ರುತಿ ಹಿಡಿಯಲು ಮೇಲಿನ ಉಪಸ್ವರಗಳೂ ಬೇಕು ಎಂದು ನೋಡಿದೆವು. ಆದ್ದರಿಂದ ಒಮ್ಮೆ ಕಿವಿಯ ಪರೀಕ್ಷೆ ಮಾಡಿಸಿ. ಮೈಸೂರಿಗೆ ಹೋದಾಗ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಮಾಡಿಸಬಹುದು, ಇಲ್ಲವೇ ನಿಮ್ಮೂರಿನ ಕಿವಿ ವೈದ್ಯರಲ್ಲಿ. ಸಾಮಾನ್ಯವಾಗಿ 250ರಿಂದ 8,000 ಹರ್ಟ್ಸ್‌ವರೆಗೆ ನೋಡುತ್ತಾರೆ. ಜೋರು ಸದ್ದಿನ ಪೆಟ್ಟು ಬೀಳುವುದು ಮೊದಲು 4,000ದ ಆಸುಪಾಸಿನಲ್ಲಿ, ಅದೂ ನೋವಿಲ್ಲದೆ, ತಿಳಿಯದೆ. ಒಮ್ಮೆ ಸತ್ತ ರೋಮಕೋಶ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಹಾಗಾಗಿ ಮೆರವಣಿಗೆ ಬಂದಾಗ ಸ್ಪೀಕರುಗಳ ಸಾಲಿನಿಂದ ದೂರ ನಿಲ್ಲಿ, ಮೊಮ್ಮಕ್ಕಳ ಕೈ ಹಿಡಿದು ಅವರನ್ನೂ ದೂರ ನಿಲ್ಲಿಸಿ. ಮುಂದೆ ಅವರು ತಂಬೂರಿ ಹಿಡಿಯುವುದಾದರೆ ಈ ಕಿವಿಯೇ ಬೇಕಾಗುತ್ತದೆ.

ಗಾಂಧಾರ ಕೇಳಿದ ದಿನ ಒಂದು ಸಾಲು ಬರೆಯಿರಿ.

ಇಂತಿ,
ನಿಮ್ಮ ಪ್ರೀತಿಯ ತಮ್ಮ